ಡಬ್ಬಿಗೂ ಒಂದು ಪಾಳಿ

ಉಳಿದ ಗುಳಿಗೆ ಎಣಿಸುವುದು ನನ್ನ ಕೆಲಸವಾಗಿತ್ತು. ಹೊಸಪೇಟೆಯ ಒಂದು ಮಕ್ಕಳ ಆಸ್ಪತ್ರೆಯ ಹಿಂಬದಿ ಕೋಣೆಯಲ್ಲಿ ನೀಲಿ ತಟ್ಟೆ ಇಟ್ಟುಕೊಂಡು, ತಾಯಂದಿರು ಮರಳಿ ತಂದ ಡಬ್ಬಿಯನ್ನು ಸುರುವಿ, ಐದೈದರಂತೆ ಚಮಚದಿಂದ ಸರಿಸಿ, ಎಷ್ಟು ಉಳಿದಿವೆ ಎಂದು ಬರೆಯುವುದು. ನರ್ಸಿಂಗ್ ಓದಿ ಗುಳಿಗೆ ಎಣಿಸುತ್ತಾಳೆ ಎಂದು ನಮ್ಮ ಮನೆಯವರೇ ನಗುತ್ತಿದ್ದರು. ನಗಲಿ. ಔಷಧಿ ಕೆಲಸ ಮಾಡುತ್ತದೋ ಇಲ್ಲವೋ ಎಂದು ತಿಳಿಯಬೇಕಾದರೆ, ಅದು ಮಗುವಿನ ಹೊಟ್ಟೆಗೆ ಹೋಗಿದೆಯೋ ಇಲ್ಲವೋ ಎಂದು ಮೊದಲು ತಿಳಿಯಬೇಕು. ಅದು ಆ ತಟ್ಟೆಯಲ್ಲಿ ತಿಳಿಯುತ್ತದೆ, ದೊಡ್ಡೂರಿನ ಮೀಟಿಂಗಿನಲ್ಲಿ ಅಲ್ಲ.

ಆಟಿಸಂ ಇರುವ ಮಕ್ಕಳಿಗೆ ಬಿ ಗುಂಪಿನ ಒಂದು ವಿಟಮಿನ್ನನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟರೆ ಮಾತು ಸುಧಾರಿಸುತ್ತದೆಯೇ ಎಂಬುದು ನಮ್ಮ ಮುಂದಿದ್ದ ಪ್ರಶ್ನೆ. ಅರ್ಧ ಮಕ್ಕಳಿಗೆ ವಿಟಮಿನ್ ತುಂಬಿದ ಗುಳಿಗೆ. ಇನ್ನರ್ಧ ಮಕ್ಕಳಿಗೆ ಅದೇ ಬಣ್ಣದ, ಅದೇ ರುಚಿಯ ಹುಸಿ ಗುಳಿಗೆ. ಬೆಳಿಗ್ಗೆ ಒಂದು, ಸಂಜೆ ಒಂದು, ಬಿಚ್ಚಿ ಪುಡಿಯನ್ನು ಎರಡು ಚಮಚ ಮೊಸರನ್ನದಲ್ಲಿ ಕಲಸಿ ತಿನ್ನಿಸಬೇಕು. ವಿಟಮಿನ್ನಿಗೆ ಬೆಳಕು ಆಗದು, ಹಾಗಾಗಿ ಕಂದು ಬಣ್ಣದ ಡಬ್ಬಿ. ಅದರ ಮೇಲೆ ಮಗುವಿನ ನಂಬರು. ಯಾವ ನಂಬರಿನಲ್ಲಿ ಯಾವುದಿದೆ ಎಂದು ತಾಯಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ, ಪರೀಕ್ಷೆ ನಡೆಸುವ ಡಾಕ್ಟರಿಗೂ ಗೊತ್ತಿಲ್ಲ. ಅದರ ಪಟ್ಟಿ ಮೊಹರು ಹಾಕಿದ ಲಕೋಟೆಯಲ್ಲಿ, ಆಸ್ಪತ್ರೆಯ ಔಷಧಿ ಉಗ್ರಾಣದವರ ಬೀರುವಿನಲ್ಲಿತ್ತು.

ಸೋಮವಾರ ಬರುವವರು ಎಂಟು ಮನೆಯವರು. ನಾಲ್ಕು ಮನೆ ಸಂಡೂರಿನ ಕಡೆಯವು, ನಾಲ್ಕು ಕಂಪ್ಲಿ ಕಡೆಯವು. ತಿಂಗಳಿಗೊಮ್ಮೆ ಡಬ್ಬಿ ಒಯ್ಯಲು ಬರುವುದಲ್ಲದೆ, ಹದಿನೈದು ದಿನಕ್ಕೊಮ್ಮೆ ಮಾತಿನ ಅಭ್ಯಾಸಕ್ಕೂ ಬರುತ್ತಿದ್ದರು. ಅಭ್ಯಾಸ ನಡೆಯುವುದು ಮಗುವಿಗಿಂತ ಹೆಚ್ಚಾಗಿ ತಾಯಿಗೆ. ಮಗುವಿಗೆ ಬೇಕಾದ ವಸ್ತುವನ್ನು ಕೈಯಲ್ಲಿ ಹಿಡಿ, ಮಗುವಿನ ಮುಖದ ಮಟ್ಟಕ್ಕೆ ಕುಳಿತುಕೋ, ಒಂದು ಮಾತು ಹೇಳು, ಮನಸ್ಸಿನಲ್ಲೇ ಹತ್ತು ಎಣಿಸು, ಕಾಯಿ. ದಿನಕ್ಕೆ ಐವತ್ತು ಸಲ. ಕೇಳುವುದಕ್ಕೆ ಸುಲಭ, ಮಾಡುವವರಿಗೇ ಗೊತ್ತು ಅದರ ಕಷ್ಟ.

ಸಂಡೂರಿನ ಕಡೆಯ ಯಶವಂತನಗರದ ಒಬ್ಬ ತಾಯಿ ಅದನ್ನು ಒಂದು ದಿನವೂ ತಪ್ಪಿಸಿದವಳಲ್ಲ. ಗಂಡ ಗಣಿಯಲ್ಲಿ ಯಂತ್ರ ನಡೆಸುತ್ತಾನೆ, ಪಾಳಿ ಕೆಲಸ. ಐದು ವರ್ಷದ ಮಗಳ ಬಾಯಿಂದ ಒಂದು ಮಾತೂ ಹೊರಟಿರಲಿಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ದಿನ ಅವಳು ನನ್ನನ್ನು ಪಕ್ಕಕ್ಕೆ ಕರೆದಳು.

"ಅಕ್ಕಾರ, ನಮ್ಮ ಮಾವಾರು ಹೇಳ್ಯಾರ್ರಿ. ಗುಳಿಗಿಯಿಂದ ಆಗ್ತದಂದ್ರ ಗುಳಿಗಿ ಅಷ್ಟ ತಿನ್ಸು, ಹೊಸಪೇಟಿಗೆ ಅಡ್ಡಾಡೋದು ಬಂದ್ ಮಾಡು ಅಂತ. ಅದ್ಕ ನನಗ ಖರೇ ಬೇಕ್ರಿ. ಆಗ್ತದ ಅಂದ್ರ ಆಗ್ತದ ಅನ್ರಿ, ಇಲ್ಲಂದ್ರ ಇಲ್ಲ ಅನ್ರಿ. ಸುಳ್ಳು ಹೇಳಿ ನನ್ನ ಬಸ್ ತಪ್ಪಿಸಬ್ಯಾಡ್ರಿ."

ಹೇಳುತ್ತೇನೆ ಎಂದೆ. ಕೊಟ್ಟ ಮಾತು ಎಷ್ಟು ಭಾರದ್ದು ಎಂದು ಆಗ ನನಗೆ ತಿಳಿಯಲಿಲ್ಲ.

ಮೊದಲ ತಿಂಗಳೇ ಲೆಕ್ಕ ಕೆಟ್ಟಿತು. ಸೋಮವಾರದ ಎಂಟೂ ಡಬ್ಬಿಗಳಲ್ಲಿ ಸರಿಯಾಗಿ ಎರಡೆರಡು ಗುಳಿಗೆ ಉಳಿದಿದ್ದವು. ಒಬ್ಬರು ತಪ್ಪಿಸಬಹುದು, ಎಂಟು ಮನೆಯವರೂ ಒಂದೇ ಲೆಕ್ಕದಲ್ಲಿ ತಪ್ಪಿಸುತ್ತಾರೆಯೇ? ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಎಲ್ಲರನ್ನೂ ಕೂರಿಸಿ ಬೈದೆ. ಮೊಮ್ಮಗನನ್ನು ಕರೆತರುತ್ತಿದ್ದ ಕಂಪ್ಲಿ ಕಡೆಯ ಎಮ್ಮಿಗನೂರಿನ ಅಜ್ಜಿ ಸುಮ್ಮನೆ ಕೇಳಿಸಿಕೊಂಡು, ಕೊನೆಗೆ ನನಗೇ ಬುದ್ಧಿ ಹೇಳುವಂತೆ ಹೇಳಿದಳು.

"ಖಾಲಿ ಡಬ್ಬಿ ಹೆಂಗ್ರಿ ತಿರುಗಿ ಕೊಡೋದು? ಮಕ್ಕಳಿರೋ ಮನಿಯವ್ರು ನಾವು. ಒಬ್ಬರ ಪಾತ್ರಿ ಅವರಿಗೆ ಖಾಲಿ ಕೊಡಬಾರ್ದು."

ನಮ್ಮ ಮನೆಯಲ್ಲೂ ಅದೇ ಪದ್ಧತಿ. ಪಕ್ಕದ ಮನೆಯವರ ಡಬ್ಬಿ ವಾಪಸ್ಸು ಹೋಗುವಾಗ ನಮ್ಮವ್ವ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕದೆ ಕೊಟ್ಟವಳಲ್ಲ. ಗೊತ್ತಿದ್ದೂ ಹೊಳೆಯಲಿಲ್ಲ. ಗುಳಿಗೆಯನ್ನು ಮಾತ್ರ ಉಳಿಸಬೇಡಿ, ಬೇಕಾದರೆ ಬೇರೆ ಏನಾದರೂ ಹಾಕಿ ಎಂದೆ. ಮುಂದಿನ ತಿಂಗಳು ಡಬ್ಬಿಗಳಲ್ಲಿ ಶೇಂಗಾ, ಸಕ್ಕರೆ, ಕಂಪ್ಲಿ ಕಡೆಯ ಅಕ್ಕಿ ಬಂದವು. ಗುಳಿಗೆ ತಯಾರಿಸುವ ಕಂಪನಿಯ ಪರವಾಗಿ ದಾಖಲೆ ನೋಡಲು ಬರುತ್ತಿದ್ದ ಅಧಿಕಾರಿ ಕನ್ನಡಕ ಏರಿಸಿ ಕೇಳಿದರು.

"ಡಬ್ಬಿಯೊಳಗೆ ಶೇಂಗಾ ಯಾಕಿದೆ ಮೇಡಂ? ಇದನ್ನ ಯಾವ ಕಾಲಮ್ಮಿನಲ್ಲಿ ಬರೀತೀರಿ?"

"ಷರಾ ಅಂತ ಒಂದು ಕಾಲಮ್ ಐತಲ್ಲ ಸರ್," ಎಂದೆ.

ಮೂರನೆಯ ತಿಂಗಳು ಎಲ್ಲ ಲೆಕ್ಕವೂ ಸರಿಯಿತ್ತು. ಉಳಿದದ್ದು ಸೊನ್ನೆ, ಎಂಟಕ್ಕೆ ಎಂಟೂ. ಎಮ್ಮಿಗನೂರಿನ ಅಜ್ಜಿಯ ಡಬ್ಬಿಯಿಂದ ಅಕ್ಕಿ ಸುರುವಿ, ಮುಚ್ಚಳ ತಿರುಗಿಸುವ ಸುತ್ತಿನಲ್ಲಿ ಸಿಕ್ಕ ಕಾಳನ್ನು ತೆಗೆಯಲು ಬೆರಳು ಆಡಿಸಿದೆ. ಬೆರಳು ಕೆಂಪಾಯಿತು. ಸಂಡೂರಿನ ಅದಿರಿನ ಧೂಳು ಅದು. ಯಶವಂತನಗರದಿಂದ ಬಂದ ಚೀಲ, ಚಪ್ಪಲಿ, ರೇಷನ್ ಕಾರ್ಡು ಯಾವುದನ್ನು ಮುಟ್ಟಿದರೂ ಕೈಗೆ ಹತ್ತುತ್ತದೆ. ಎಮ್ಮಿಗನೂರು ಗದ್ದೆಯ ಊರು, ಅಲ್ಲಿನದು ಕಪ್ಪು ಮಣ್ಣು. ಅಜ್ಜಿಯ ಡಬ್ಬಿಗೆ ಈ ಕೆಂಪು ಎಲ್ಲಿಂದ ಬಂತು?

ಉಳಿದ ಡಬ್ಬಿಗಳ ಸುತ್ತನ್ನೂ ಬಿಳಿ ಹತ್ತಿಯಿಂದ ಒರೆಸಿದೆ. ಕಂಪ್ಲಿ ಕಡೆಯ ನಾಲ್ಕೂ ಡಬ್ಬಿಗಳಲ್ಲಿ ಹತ್ತಿ ಕೆಂಪಾಯಿತು. ಹತ್ತಿಗಳನ್ನು ಒಂದೊಂದು ಪೊಟ್ಟಣದಲ್ಲಿ ಹಾಕಿ ನಂಬರು ಬರೆದಿಟ್ಟೆ. ಮೂರು ವಾರ ಬಿಟ್ಟು, ಮನೆ ಭೇಟಿಯ ನೆಪದಲ್ಲಿ ಎಮ್ಮಿಗನೂರಿನ ಬಸ್ಸು ಹತ್ತಿದೆ.

ಅಜ್ಜಿ ಮಜ್ಜಿಗೆ ಕೊಟ್ಟಳು. ಮೊಮ್ಮಗ ಒಂದು ಮುಚ್ಚಳವನ್ನು ನೆಲದ ಮೇಲೆ ತಿರುಗಿಸುತ್ತ ಕೂತಿದ್ದ. ಗೋಡೆಯ ಮಾಡದೊಳಗೆ ದೇವರ ಪಕ್ಕದಲ್ಲಿ ಕಂದು ಡಬ್ಬಿ ಇತ್ತು. ಕೈಗೆತ್ತಿಕೊಂಡು ನಂಬರು ನೋಡಿದೆ. ಅದು ಯಶವಂತನಗರದ ಹುಡುಗಿಯ ನಂಬರು.

"ಇದು ನಿಮ್ಮದಲ್ಲಲ್ಲ ಅಜ್ಜಿ."

"ಹೌದ್ರಿ, ಅವರದು. ಈಗ ನಮ್ಮ ಪಾಳಿ," ಎಂದಳು ಅಜ್ಜಿ. ಮುಚ್ಚಿಡುವ ಯೋಚನೆಯೇ ಅವಳಿಗಿರಲಿಲ್ಲ. "ಅರ್ಧ ಮಕ್ಕಳಿಗೆ ಖರೇ ಗುಳಿಗಿ, ಅರ್ಧ ಮಕ್ಕಳಿಗೆ ಸುಳ್ಳು ಗುಳಿಗಿ ಅಂತ ನೀವ ಹೇಳಿದ್ರಿ. ಯಾರಿಗೆ ಯಾವ್ದು ಬಂದೈತಿ ಯಾರಿಗೂ ಗೊತ್ತಿಲ್ಲ ಅಂದ್ರಿ. ಅದ್ಕ ಜೋಡಿ ಮಾಡ್ಕೊಂಡ್ವಿ. ಮಾತು ಕಲ್ಸಾಕ ಬಂದಾಗ ಡಬ್ಬಿ ಬದ್ಲಿ. ಹದಿನೈದು ದಿನ ಅವರದು, ಹದಿನೈದು ದಿನ ನಮ್ಮದು. ಡಬ್ಬಿ ತಿರುಗಿ ಕೊಡೋ ದಿನ ನಾವ ತಂದು ಹೊರಗ ಅವರಿಗೆ ಕೊಡ್ತೀವಿ, ಅವ್ರು ನಮಗ ಕೊಡ್ತಾರ. ಕಾಲುವಿ ನೀರಿಗೆ ಪಾಳಿ ಇಲ್ಲೇನ್ರಿ? ಮ್ಯಾಲಿನ ಹೊಲದವ್ರು ಅಷ್ಟೂ ಹಿಡ್ಕೊಂಡ್ರ ಕೆಳಗಿನವ್ರು ಏನ್ ಮಾಡ್ಬೇಕು?"

ಪಾಳಿ ಎಂಬುದು ಗದ್ದೆಯವರಿಗೂ ಗೊತ್ತು, ಗಣಿಯವರಿಗೂ ಗೊತ್ತು. ಇಬ್ಬರೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಐದು ನಿಮಿಷದಲ್ಲಿ ನ್ಯಾಯ ತೀರ್ಮಾನ ಮಾಡಿಕೊಂಡಿದ್ದರು. ನಮ್ಮ ಪರೀಕ್ಷೆ ಅಷ್ಟಕ್ಕೇ ಮಣ್ಣುಪಾಲಾಗಿತ್ತು. ಹೀಗೆ ಬೆರೆತ ಮೇಲೆ ಯಾವ ಮಗುವಿಗೆ ವಿಟಮಿನ್ ಹೋಯಿತು, ಯಾವ ಮಗುವಿಗೆ ಹೋಗಲಿಲ್ಲ ಎಂದು ದೇವರೂ ಹೇಳಲಾರ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಮೊದಲು ಅವರ ಮೇಲೆ ಸಿಟ್ಟು ಬಂತು. ಕಂಪ್ಲಿ ದಾಟುವ ಹೊತ್ತಿಗೆ ಅದು ನನ್ನ ಕಡೆಗೇ ತಿರುಗಿತ್ತು. 'ಈ ಗುಳಿಗೆಯನ್ನು ಬೇರೆಯವರಿಗೆ ಕೊಡಬಾರದು' ಎಂಬ ಸಾಲು ಒಪ್ಪಿಗೆ ಪತ್ರದಲ್ಲಿತ್ತು. ಅದನ್ನು ಓದಿ ಹೇಳಿದವಳು ನಾನೇ, ಹನ್ನೆರಡನೆಯ ಪುಟ ಬರುವಷ್ಟರಲ್ಲಿ ಸಾಕಾಗಿ ಗಡಿಬಿಡಿಯಲ್ಲಿ ಓದಿದ್ದೆ. ಅರ್ಧ ಮಕ್ಕಳಿಗೆ ಸಿಗುವುದಿಲ್ಲ ಎಂಬ ಮಾತು ಒಬ್ಬ ತಾಯಿಯ ಕಿವಿಗೆ ಹೇಗೆ ಕೇಳಿಸುತ್ತದೆ ಎಂದು ಒಂದು ಸಲವೂ ಕೇಳಿರಲಿಲ್ಲ.

ಮರುದಿನ ಡಾಕ್ಟರ ಕೋಣೆಯಲ್ಲಿ ಕಂಪನಿಯ ಅಧಿಕಾರಿಯೂ ಇದ್ದರು. ಹತ್ತಿಯ ಪೊಟ್ಟಣಗಳನ್ನು ಮೇಜಿನ ಮೇಲಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ಅಧಿಕಾರಿ ಬೇಗ ಸುಧಾರಿಸಿಕೊಂಡರು.

"ನೋಡಿ ಮೇಡಂ, ಎಣಿಕೆ ಸರಿ ಇದೆ. ಸೋಮವಾರದ ಮಕ್ಕಳ ಮಾತಿನ ಅಂಕಗಳೂ ಚೆನ್ನಾಗಿ ಬರ್ತಿವೆ. ಧೂಳು ಎಲ್ಲಾ ಕಡೆ ಇರುತ್ತೆ. ಅಜ್ಜಿ ಏನೋ ಹೇಳಿದ್ರು ಅಂತ ದಾಖಲೆಗೆ ಹಾಕಿದ್ರೆ ಇಷ್ಟು ದಿನದ ಕೆಲಸ ಹಾಳು. ಬರೀದೇ ಇದ್ರೆ ಯಾರಿಗೂ ನಷ್ಟ ಇಲ್ಲ."

"ನಷ್ಟ ಆಗೋದು ಯಾರಿಗೆ ಅಂತ ನನಗ ಗೊತ್ತೈತಿ ಸರ್. ನಾ ಬರಿತೀನಿ."

"ನಿಮ್ಮ ಗುತ್ತಿಗೆ ಜೂನಿಗೆ ಮುಗಿಯುತ್ತಲ್ವಾ?" ಎಂದು ಅವರು ತಣ್ಣಗೆ ಕೇಳಿದರು.

"ಜೂನ್ ಇನ್ನ ದೂರ ಐತಿ," ಎಂದೆ. ಅವರ ಎದುರಿಗೇ ಕೂತು, ನಿಯಮ ತಪ್ಪಿದ್ದನ್ನು ದಾಖಲಿಸುವ ಹಾಳೆ ತೆಗೆದು ಬರೆದೆ. ಎಂಟು ಮನೆಗಳಲ್ಲಿ ಡಬ್ಬಿ ಬದಲಾಗಿದೆ. ಕಾರಣ, ಮನೆಯವರು ಗುಳಿಗೆಯನ್ನು ಸಮನಾಗಿ ಹಂಚಿಕೊಂಡಿದ್ದಾರೆ. ಎರಡನೆಯ ಕಾರಣ, ನಿಯಮವನ್ನು ಅರ್ಥವಾಗುವಂತೆ ಹೇಳುವಲ್ಲಿ ನಾನು ತಪ್ಪಿದ್ದೇನೆ. ಕೆಳಗೆ ಸಹಿ. ನೀಲಿ ಶಾಯಿ, ಅಳಿಸಲು ಬಾರದ್ದು.

ಡಾಕ್ಟರು ಹಾಳೆಯನ್ನು ಓದಿದರು. ಒಂದು ದಿನ ಸಮಯ ಬೇಕು ಎಂದರು. ಮರುದಿನ ಬೆಳಿಗ್ಗೆ ಹಾಳೆಗೆ ತಮ್ಮ ಸಹಿ ಹಾಕಿ ಕೊಟ್ಟರು. "ನೀವು ಬರೆದದ್ದು ಸರಿ. ಆದ್ರ ನಿಯಮದ ಪ್ರಕಾರ ಎಂಟೂ ಮನೆಯವರನ್ನ ಪರೀಕ್ಷೆಯಿಂದ ಹೊರಗ ಇಡಬೇಕಾಗ್ತದ. ಸೋಮವಾರ ನೀವ ಹೇಳಿಬಿಡ್ರಿ," ಎಂದರು.

ಹೇಳಿದೆ. ನನ್ನ ಜೀವನದಲ್ಲಿ ಅಷ್ಟು ಕೆಟ್ಟ ಬೆಳಗು ಹೆಚ್ಚು ಇಲ್ಲ. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಯಶವಂತನಗರದ ತಾಯಿ ಮಾತ್ರ ಎದ್ದು ನಿಂತಳು.

"ತಪ್ಪು ನಾವು ಮಾಡೀವಿ, ಒಪ್ಪಿದ್ವಿ. ಆದ್ರ ಖರೇ ಹೇಳ್ತೀನಿ ಅಂತ ನೀವು ಮಾತು ಕೊಟ್ಟೀರಿ ಅಕ್ಕಾರ. ಈಗ ಏನೂ ತಿಳೀದ ಮನಿಗೆ ಹೋಗು ಅಂತೀರಿ. ಪಾಳಿ ಮಾಡಿದ್ದು ತಪ್ಪೋ, ಪಾಳಿ ಸಣ್ಣದಾಗಿದ್ದು ತಪ್ಪೋ, ಅದನ್ನ ಹೇಳ್ರಿ. ಸಣ್ಣದಾಗಿದ್ರ ಉದ್ದ ಮಾಡ್ರಿ. ನಮ್ಮನಿಯವ್ರ ಪಾಳಿ ಕಂಪನಿ ಬರೆದಂಗ ನಡೀತದ, ಯಾವ ದಿನ ಯಾರಿದ್ರು ಅಂತ ಎಲ್ಲಾ ಬರೆದಿರ್ತಾರ. ಹಂಗ ನೀವೂ ಬರೆದು ನಡಸ್ರಿ."

ನಾನು ನೇರ ಡಾಕ್ಟರ ಕೋಣೆಗೆ ನಡೆದೆ. ಒಳಗೆ ಯಾರೋ ರೋಗಿ ಇದ್ದರು, ಹೊರಗೆ ನಿಲ್ಲುವ ತಾಳ್ಮೆ ನನಗಿರಲಿಲ್ಲ. ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಒಪ್ಪಿಸಿದೆ. ಡಾಕ್ಟರು ನಕ್ಕರು. ಹಾಗೊಂದು ವಿಧಾನ ಪುಸ್ತಕದಲ್ಲೇ ಇದೆಯಂತೆ. ಪ್ರತಿ ಮಗುವಿಗೂ ಒಂದು ಅವಧಿ ಒಂದು ಬಗೆಯ ಗುಳಿಗೆ, ನಡುವೆ ಬಿಡುವು, ಆಮೇಲೆ ಇನ್ನೊಂದು. ಯಾವುದು ಮೊದಲು ಎಂಬುದು ಲಕೋಟೆಯಲ್ಲಿ. ಮಗುವನ್ನು ಬೇರೆ ಮಗುವಿನ ಜೊತೆ ಹೋಲಿಸುವುದಿಲ್ಲ, ಅದರ ಜೊತೆಗೇ ಹೋಲಿಸುವುದು.

"ಆದ್ರ ಒಂದು ತೊಡಕು ಐತಿ," ಎಂದರು. "ಮಗು ಕಲಿತದ್ದನ್ನ ಬಿಡುವಿನಾಗ ಮರೆಯಂಗಿಲ್ಲ. ಅದ್ಕ ಒಟ್ಟು ಮಾತು ಎಣಿಸಬಾರ್ದು. ಆಯಾ ಪಾಳ್ಯಾಗ ಹೊಸದಾಗಿ ಏನು ಬಂತು ಅಷ್ಟ ಎಣಿಸಬೇಕು."

ಆಸ್ಪತ್ರೆಯ ನೈತಿಕ ಸಮಿತಿಗೆ ಬರೆದೆವು. ಕಂಪನಿ ಬೇಡವೇ ಬೇಡ ಎಂದಿತು. ಈ ಎಂಟು ಮನೆಗಳನ್ನು ತಮ್ಮ ವರದಿಗೆ ಸೇರಿಸುವುದಿಲ್ಲ ಎಂದಿತು. ಸೇರಿಸಬೇಡಿ, ಗುಳಿಗೆ ಮಾತ್ರ ಕಳಿಸಿ, ನಾವು ಬೇರೆ ವರದಿ ಬರೆಯುತ್ತೇವೆ ಎಂದು ಡಾಕ್ಟರು ಬರೆದರು. ಸಮಿತಿಯವರು ನನ್ನನ್ನು ಕರೆಸಿ, ಈ ಜನ ಮತ್ತೆ ಡಬ್ಬಿ ಬದಲಿಸುವುದಿಲ್ಲ ಎಂದು ಏನು ಖಾತ್ರಿ ಎಂದು ಕೇಳಿದರು. ಅವರು ಬದಲಿಸಿದ್ದು ಅನ್ಯಾಯ ಕಂಡು, ಅನ್ಯಾಯ ತೆಗೆದರೆ ಬದಲಿಸಲು ಕಾರಣವಿರುವುದಿಲ್ಲ ಎಂದೆ. ಧ್ವನಿ ಸ್ವಲ್ಪ ಏರಿತ್ತೆಂದು ಡಾಕ್ಟರು ಆಮೇಲೆ ಹೇಳಿದರು. ಒಪ್ಪಿಗೆ ಸಿಕ್ಕಿತು, ನನ್ನ ಗುತ್ತಿಗೆಯನ್ನೂ ಆಸ್ಪತ್ರೆಯೇ ವಹಿಸಿಕೊಂಡಿತು.

ಈ ಸಲ ಒಪ್ಪಿಗೆ ಪತ್ರವನ್ನು ಎರಡು ದಿನ ಕೂತು ಓದಿದೆವು. ಒಂದು ತಿಂಗಳು ಏನೂ ಇಲ್ಲ. ಮೂರು ತಿಂಗಳು ಮೊದಲ ಪಾಳಿ. ಒಂದು ತಿಂಗಳು ಬಿಡುವು. ಮೂರು ತಿಂಗಳು ಎರಡನೆಯ ಪಾಳಿ. ಪ್ರತಿ ಸಲವೂ ಹದಿನೈದು ನಿಮಿಷ ಆಟದ ವಿಡಿಯೊ, ಅದನ್ನು ನೋಡಿ ಹೊಸ ಮಾತು, ಹೊಸ ಸನ್ನೆ ಎಣಿಸುವವರಿಗೆ ಅದು ಯಾವ ಪಾಳಿಯದೆಂದು ತಿಳಿಸುವುದಿಲ್ಲ. ಡಬ್ಬಿ ಬದಲಿಸಬಾರದು ಎಂದಾಗ ಅಜ್ಜಿ, "ಇನ್ನ ಯಾಕ ಬದ್ಲಿ ಮಾಡೋಣ್ರಿ, ಎಲ್ಲಾರ ಹೊಲಕ್ಕೂ ನೀರು ಬರ್ತದಲ್ಲ," ಎಂದಳು. ಆಮೇಲೆ ಹತ್ತಿ ಒಂದು ಸಲವೂ ತಪ್ಪು ಕಡೆ ಕೆಂಪಾಗಲಿಲ್ಲ.

ಮೊದಲ ಪಾಳಿಯಲ್ಲಿ ಯಶವಂತನಗರದ ಹುಡುಗಿಯಲ್ಲಿ ಹೇಳುವಂಥದ್ದೇನೂ ಕಾಣಲಿಲ್ಲ. ನಿದ್ದೆ ಕೆಟ್ಟಿತು, ರಂಪ ಹೆಚ್ಚಾಯಿತು, ಅದನ್ನೂ ಬರೆದೆ. ಎರಡನೆಯ ಪಾಳಿಯ ಐದನೆಯ ವಾರ ತಾಯಿಯ ಫೋನು ಬಂತು. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ.

"ಮೊಸರನ್ನ ಕಲಸಿ ಬಾಯಿಗೆ ಹಿಡಿದ್ನಿ ಅಕ್ಕಾರ. ಕೈ ನೂಕಿ ಬ್ಯಾಡ ಅಂದ್ಲು. ನನ್ನ ಮುಖಾ ನೋಡಿ ಅಂದ್ಲು."

ಮುಂದಿನ ವಿಡಿಯೊದಲ್ಲಿ ನಾನೂ ಕೇಳಿದೆ. ಚೆಂಡು ಕೊಟ್ಟರೆ ಬ್ಯಾಡ. ಗೊಂಬೆ ಕೊಟ್ಟರೆ ಬ್ಯಾಡ. ಆಮೇಲೆ 'ಕೊಡು' ಬಂತು, 'ಬಸ್ಸು' ಬಂತು. ಮಕ್ಕಳ ಮೊದಲ ಮಾತು ಅವ್ವ ಎಂದಿರಬೇಕೆಂದು ಎಲ್ಲರೂ ಬಯಸುತ್ತಾರೆ. ನನಗೆ ಮಾತ್ರ ಈ ಮಾತೇ ಭಾರಿ ಇಷ್ಟವಾಯಿತು. ಇಷ್ಟು ವರ್ಷ ಹಿಡಿಹಿಡಿದು ತಿನ್ನಿಸಿದ್ದಕ್ಕೆ ಕೊನೆಗೂ ತನ್ನ ಅಭಿಪ್ರಾಯ ಹೇಳಿದ್ದಳು ಆ ಕೂಸು.

ಮುಂದಿನ ಸಲ ಆ ತಾಯಿಯ ಮಾವನೇ ಬಂದರು. ಬಿಳಿ ಪಂಚೆ, ಗಟ್ಟಿ ದನಿ. "ಎರಡ್ನೇ ಪಾಳ್ಯಾಗ ಖರೇ ಗುಳಿಗಿ ಕೊಟ್ಟೀರಿ ಅಂತ ಕುರುಡಗೂ ಕಾಣ್ತದ. ಇದು ಮುಗೀಲಿ, ಅದ ಗುಳಿಗಿ ಬರೆದು ಕೊಡ್ರಿ. ಬಸ್ ಹತ್ತೋದು ಇನ್ನ ಸಾಕು," ಎಂದರು. ಕಂಪನಿಯ ಅಧಿಕಾರಿಗೂ ಸುದ್ದಿ ಹೋಗಿತ್ತು. ನಮ್ಮ ಎಂಟು ಮನೆ ಬೇಡವೆಂದಿದ್ದವರು ಈಗ ಆ ಹುಡುಗಿಯ ವಿಡಿಯೊ ಕೇಳಿದರು, ಪ್ರಚಾರಕ್ಕಂತೆ. ಲಕೋಟೆ ಒಡೆಯುವವರೆಗೆ ವಿಡಿಯೊ ಇಲ್ಲ, ಒಡೆದ ಮೇಲೂ ಅವರವ್ವ ಕೊಡು ಎಂದರಷ್ಟೇ ಎಂದೆ. ಅವರು ಫೋನು ಇಟ್ಟರು.

ಒಂದು ಮಾತು ಒಪ್ಪಿಕೊಳ್ಳಬೇಕು. ಎರಡನೆಯ ಪಾಳಿಯದೇ ನಿಜವಾದ ಗುಳಿಗೆ ಎಂದು ನಾನೂ ನಂಬಿದ್ದೆ. ನಂಬಿ ಭಯಪಟ್ಟಿದ್ದೆ. ಆ ತಾಯಿಯ ಬಸ್ಸು ತಪ್ಪುವುದು ನಿಜದಿಂದಲೇ ಆದರೆ ನಾನು ಏನು ಹೇಳಲಿ?

ಲಕೋಟೆ ಒಡೆದ ಸೋಮವಾರ ಎಂಟೂ ಮನೆಯವರು ಬಂದಿದ್ದರು. ಮಾವನವರು ಮುಂದಿನ ಸಾಲಿನಲ್ಲೇ ಕೂತಿದ್ದರು. ಉಗ್ರಾಣದವರು ಮೊಹರು ತೋರಿಸಿ ಕತ್ತರಿಸಿದರು. ಡಾಕ್ಟರು ಒಂದೊಂದೇ ನಂಬರು ಓದಿದರು. ಅಜ್ಜಿಯ ಮೊಮ್ಮಗನಿಗೆ ಎರಡು ಪಾಳಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಯಶವಂತನಗರದ ನಂಬರು ಬಂತು. ಮೊದಲ ಪಾಳಿ ವಿಟಮಿನ್. ಎರಡನೆಯ ಪಾಳಿ ಹುಸಿ.

"ನಂಬರು ತಪ್ಪಿರಬೇಕು. ಇನ್ನೊಮ್ಮೆ ನೋಡ್ರಿ," ಎಂದರು ಮಾವನವರು. ಡಾಕ್ಟರು ಇನ್ನೊಮ್ಮೆ ನೋಡಿ, ಹಾಳೆಯನ್ನು ಅವರ ಕೈಗೇ ಕೊಟ್ಟರು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು. ಎಂಟು ಮಕ್ಕಳಿಂದ ಈ ವಿಟಮಿನ್ ಕೆಲಸ ಮಾಡುತ್ತದೆ ಎಂದೂ ಹೇಳಲಾಗದು, ಮಾಡುವುದಿಲ್ಲ ಎಂದೂ ಹೇಳಲಾಗದು. ಮೊದಲ ಪಾಳಿಯ ಗುಣ ತಡವಾಗಿ ಬಂದಿರಬಹುದೇ ಎಂದು ಕೇಳಿದರೆ ಅದಕ್ಕೂ ತಮ್ಮ ಹತ್ತಿರ ಉತ್ತರವಿಲ್ಲ. ಮಾತು ಬಂದ ವಾರಗಳಲ್ಲಿ ಆ ಮಗುವಿನ ಹೊಟ್ಟೆಗೆ ಹೋಗಿದ್ದು ಬರೀ ಮೊಸರನ್ನ, ಗೊತ್ತಿರುವುದು ಅಷ್ಟೇ.

ತಾಯಿ ಮಗಳನ್ನು ಸೊಂಟದ ಮೇಲೆ ಏರಿಸಿಕೊಂಡು ಮಾವನ ಎದುರು ಬಂದು ನಿಂತಳು. ಮಾವನ ಎದುರು ಅವಳು ತಲೆ ಎತ್ತಿ ಮಾತಾಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಕೇಳಿದ್ರೇನ್ರಿ ಮಾವಾರ. ಡಾಕ್ಟರು ಏನೂ ಗೊತ್ತಿಲ್ಲ ಅಂದ್ರ ಅನ್ಲಿ. ನನಗ ಗೊತ್ತೈತಿ, ದಿನಕ್ಕ ಐವತ್ತು ಸಲ ಅಕಿ ಮುಂದ ನಾ ಕುಂತೀನಿ. ಆ ಬ್ಯಾಡ ನಾ ಗಳಿಸಿದ್ದು. ಬಸ್ ನಾ ಬಿಡಂಗಿಲ್ಲ."

ಮಾವನವರು ಹಾಳೆಯನ್ನು ಮಡಚಿ, ಮತ್ತೆ ಬಿಚ್ಚಿ, ಡಾಕ್ಟರಿಗೆ ಹಿಂದಿರುಗಿಸಿದರು. "ಆಗ್ಲಿ, ಹೋಗು," ಎಂದರು, ಯಾರ ಮುಖವನ್ನೂ ನೋಡದೆ.

ಅವಳು ಕೊನೆಯ ಡಬ್ಬಿಯನ್ನು ನನ್ನ ಕೈಗಿಟ್ಟಳು. ಹಿಂಬದಿ ಕೋಣೆಗೆ ಬಂದು ನೀಲಿ ತಟ್ಟೆಗೆ ಸುರುವಿದೆ. ಹುರಿದ ಶೇಂಗಾ. ಹುಡುಗಿ ಅವ್ವನ ಸೆರಗು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಒಂದು ಕಾಳು ಸುಲಿದು ಅವಳ ಕಡೆ ಹಿಡಿದು, ಅವಳ ಮುಖದ ಮಟ್ಟಕ್ಕೆ ಕೂತು, ಮನಸ್ಸಿನಲ್ಲೇ ಎಣಿಸಿದೆ. ಏಳಕ್ಕೆ ಬರುವಷ್ಟರಲ್ಲಿ ನನ್ನ ಕೈ ನೂಕಿದಳು.

ಎದ್ದು ದಾಖಲೆ ಪುಸ್ತಕ ತೆಗೆದೆ. ಉಳಿದ ಗುಳಿಗೆ, ಸೊನ್ನೆ. ಷರಾ ಕಾಲಮ್ಮಿನಲ್ಲಿ, ಶೇಂಗಾ ಕೊಟ್ಟೆ, ಮಗು ನನ್ನ ಮುಖ ನೋಡಿ ಬ್ಯಾಡ ಎಂದಳು ಎಂದು ಬರೆದು ಸಹಿ ಹಾಕಿದೆ.